ಸೋಮವಾರದ ಸ್ಟೇಕ್

"ಇದು ದನದ ಬಾಡಲ್ಲ ಕಣವ್ವ, ಕುರಿ ಬಾಡು," ಎಂದರು ತಿಮ್ಮಕ್ಕ.

ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಮಗಳ ಮೊಬೈಲಿನಲ್ಲಿದ್ದ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಆಕೆ ಹೇಳಿದ ಮಾತಿಗೆ ನನ್ನ ಕೈಯಲ್ಲಿದ್ದ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು.

"ಸರಿಯಾಗಿ ನೋಡಿ ತಿಮ್ಮಕ್ಕ. ಬ್ಯೂನಸ್ ಐರಿಸ್‌ನ ನಂಬರ್ ಒನ್ ಸ್ಟೇಕ್ ಅಂತ ಕೆಳಗಡೆ ಬರ್ದಿದೆ."

"ಅವ್ರು ಏನಾರ ಬರ್ಕಳ್ಳಿ. ಎಳೆ ನೋಡಿ. ದನದ್ದು ಎಳೆ ದಪ್ಪ ಇರ್ತದೆ, ಕೊಬ್ಬು ಹಳದಿ ತಿರುಗ್ತದೆ. ಇದು ನೋಡಿ, ಬೆಳ್ಳಗೆ ಮೇಣದಂಗೈತೆ. ಕುರಿ ತೊಡೆ ಚೂರ್ನ ತಟ್ಟಿ ತಟ್ಟಿ ಅಗಲ ಮಾಡವ್ರೆ. ಪಾಪ, ಯಾರೋ ಯಾವತ್ತೂ ತಿಂದಿಲ್ದೋರು ಬೇಯ್ಸಿರದು."

ನಾನು ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ವಾರದಿಂದ ಇದೇ ಫೋಟೋಗಳನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡುತ್ತಿದ್ದೆ. ಗೋಡೆ ನೋಡಿದ್ದೆ, ಗ್ಲಾಸು ನೋಡಿದ್ದೆ, ಮೇಜಿನ ಬಟ್ಟೆ ನೋಡಿದ್ದೆ. ತಟ್ಟೆಯ ನಡುವೆ ಬಿದ್ದುಕೊಂಡಿದ್ದನ್ನು ಮಾತ್ರ ನೋಡಿರಲಿಲ್ಲ. ಇಂಥ ಪತ್ತೇದಾರಿಗೆ ಏನನ್ನಬೇಕು!

ತಿಮ್ಮಕ್ಕನ ಮಗ ವೇಣು ಅಡುಗೆಯವನು. ಕೆಂಪರಾಜು ಎಂಬ ಬಾರ್ ಮಾಲೀಕ ಹೊಸದಾಗಿ ತೆರೆಯಲಿರುವ ಹೋಟೆಲಿಗಾಗಿ, ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಬ್ಯೂನಸ್ ಐರಿಸ್ ನಗರದಲ್ಲಿ, ದನದ ಮಾಂಸದ ದಪ್ಪ ತುಂಡನ್ನು ಕೆಂಡದ ಮೇಲೆ ಬೇಯಿಸಿ ಕೊಡುವ ಒಳ್ಳೆಯ ಸ್ಟೇಕ್‌ಹೌಸ್‌ಗಳನ್ನೂ ಬಾರ್‌ಗಳನ್ನೂ ಹುಡುಕಿ ತಿಳಿದು ಬರಲು ಹೋದವನು. ಅವನ ಫೋಟೋಗಳು ಬರುತ್ತಿವೆ, ಮೆಸೇಜುಗಳು ಬರುತ್ತಿವೆ, ಅವನ ದನಿ ಮಾತ್ರ ಒಂದೂವರೆ ತಿಂಗಳಿಂದ ಬಂದಿಲ್ಲ.

"ಪೊಲೀಸ್ನೋರು ಕಂಪ್ಲೇಂಟೇ ತಗೊಳ್ಳಲ್ಲ ಅಂದ್ರು ಮೇಡಂ," ಎಂದಳು ಲತಾಮಣಿ. ವೇಣುವಿನ ಅಕ್ಕ ಅವಳು, ಬೆಂಗಳೂರಿನ ಬನಶಂಕರಿಯ ಒಂದು ಲ್ಯಾಬಿನಲ್ಲಿ ಕೆಲಸ. ನನ್ನನ್ನು ಹುಡುಕಿಕೊಂಡು ಬಂದವಳೂ ಅವಳೇ. "ದಿನಾ ಮೆಸೇಜ್ ಮಾಡ್ತಿದಾನೆ, ಫೋಟೋ ಹಾಕ್ತಿದಾನೆ, ಕಾಣೆ ಆಗಿದಾನೆ ಅಂದ್ರೆ ಹೆಂಗಮ್ಮಾ ಅಂತ ನಗ್ತಾರೆ."

"ಮೆಸೇಜ್‌ನಲ್ಲಿ ಏನಿರುತ್ತೆ?"

"ಒಂದೇ ರಾಗ. ಊಟ ಆಯ್ತು ಅಕ್ಕ, ನೆಟ್‌ವರ್ಕ್ ಸರಿ ಇಲ್ಲ, ಅವ್ವನ್ನ ನೋಡ್ಕೋ."

ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ, ಅದರ ಕೆಳಗೆ ಬಿಳಿ ಕೋಟು, ಬಿಳಿ ಟೋಪಿ ಹಾಕಿಕೊಂಡು ಹಲ್ಲು ಬಿಟ್ಟು ನಿಂತ ವೇಣು. ಮಗನ ಫೋಟೋಗೆ ತಿಮ್ಮಕ್ಕ ಬೆನ್ನು ಹಾಕಿ ಕೂತಿದ್ದರು. ನೋಡಿದರೆ ಅಳು ಬರುತ್ತದೆ ಎಂದು ಲತಾಮಣಿ ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದಳು.

"ಹಳೇ ಫೋಟೋ ತೋರ್ಸು," ಎಂದೆ. "ಅವನು ಹೋದ ಹೊಸತರದ್ದು."

ಆಗಸ್ಟಿನ ಫೋಟೋಗಳು ಬಂದವು. ವೇಣು ದಪ್ಪ ಜರ್ಕಿನ್ ಹಾಕಿಕೊಂಡಿದ್ದಾನೆ, ನಮ್ಮ ಮಳೆಗಾಲ ಅಲ್ಲಿನ ಚಳಿಗಾಲ. ಕೆಂಡದ ಮುಂದೆ ನಿಂತಿದ್ದಾನೆ. ಅಲ್ಲಿನ ಒಬ್ಬ ಮುದುಕ ಅಡುಗೆಯವನು ಇವನ ಕೈಗೆ ಚಾಕು ಕೊಟ್ಟು, ನೀನೂ ಒಂದು ಬೇಯಿಸು ಎಂದನಂತೆ. ತಟ್ಟೆಯಲ್ಲಿ ಇಟ್ಟಿಗೆಯಂಥ ದಪ್ಪ ಮಾಂಸ. ಅದರ ಮೇಲೆ ಓರೆಯಾಗಿ ಮೂರು ಗೀಟು.

ತಿಮ್ಮಕ್ಕ ತೋರುಬೆರಳಿನಿಂದ ಆ ಗೀಟುಗಳನ್ನು ಸವರಿದರು. ಗಾಜಿನ ಮೇಲೆ ಬೆರಳು ತಗುಲಿ ಫೋಟೋ ಪಕ್ಕಕ್ಕೆ ಸರಿಯಿತು. ಲತಾಮಣಿ ಮತ್ತೆ ತಂದುಕೊಟ್ಟಳು.

"ಇದು ನನ್ ಮಗಂದು. ಕೆಂಡಕ್ಕೆ ಹಾಕೋಕ್ ಮುಂಚೆ ನಮ್ಮನೇಲಿ ಮೂರು ಗೀಟು ಎಳೀತೀವಿ. ನಮ್ ಮಾವ ಯಲ್ಲಯ್ಯ ಕಲಿಸಿದ್ದು, ಉಪ್ಪು ಒಳಕ್ಕಿಳೀಲಿ ಅಂತ." ಆಕೆ ತಮ್ಮ ಅಂಗೈ ಮೇಲೆ ಬಲದ ಮೇಲಿಂದ ಎಡದ ಕೆಳಕ್ಕೆ ಬೆರಳೆಳೆದು ತೋರಿಸಿದರು. "ಹಿಂಗೆ, ಹಿಂಗೆ, ಹಿಂಗೆ. ಇವನ್ದು ಮೂರ್ನೇದು ಯಾವಾಗ್ಲೂ ಗಿಡ್ಡ. ಆತುರ ಮುಂಡೇದುಕ್ಕೆ. ದೊಡ್ಡ ಹೋಟ್ಲಲ್ಲಿ ಸಾಹೇಬ ಬೈದ್ನಂತೆ, ಗೀಟೆಳುದ್ರೆ ರಸ ಎಲ್ಲಾ ಸೋರೋಯ್ತದೆ ಅಂತ. ನಮ್ ತಾತನ ಕೈ ಸಾರ್, ಬಿಡಾಕಾಗಲ್ಲ ಅಂದ್ನಂತೆ."

ಈಚಿನ ಫೋಟೋಗಳಲ್ಲಿ ಒಂದೇ ಒಂದು ಗೀಟೂ ಇರಲಿಲ್ಲ.

ತಿಮ್ಮಕ್ಕ ನನ್ನ ಕೈ ಹಿಡಿದುಕೊಂಡರು. "ನಿಜ ಹೇಳಿ ಮೇಡಮ್ಮೋರೆ. ನನ್ ಮಗ ಬದುಕವ್ನಾ?"

ಸುಳ್ಳು ಹೇಳಿ ಸಮಾಧಾನ ಮಾಡುವ ಚಾಳಿ ನನಗಿಲ್ಲ, ನಿಜ ಗೊತ್ತಿರಲಿಲ್ಲ.

ಲತಾಮಣಿಯ ಫೋನನ್ನು ಇಸಿದುಕೊಂಡು, 'ವೇಣು ಹುಡುಕಿದ ರುಚಿ' ಎಂಬ ಆ ಪೇಜನ್ನು ಮೊದಲಿನಿಂದ ಓದಲು ಶುರು ಮಾಡಿದೆ. ಈ ಸಲ ಅಬಕಾರಿ ಇನ್‌ಸ್ಪೆಕ್ಟರ್ ಸುಧಾಮಣಿಯಾಗಿ ಓದಿದೆ. ನಿವೃತ್ತಿಯಾಗಿ ಜಯನಗರದಲ್ಲಿ ಪತ್ತೇದಾರಿಕೆಯ ಬೋರ್ಡು ಹಾಕುವ ಮುಂಚೆ ಬಿಟಿಎಂ ಬಡಾವಣೆಯಿಂದ ಬನಶಂಕರಿಯ ತನಕ ನಾನು ಬಾಗಿಲು ತಟ್ಟದ ಬಾರ್ ಇಲ್ಲ. ಕುಡಿದದ್ದು ಮಾತ್ರ ಬರೀ ಲೈಮ್ ಸೋಡಾ.

ಮೊದಲ ಕೆಲವು ಬರಹಗಳು ಓದುವುದಕ್ಕೇ ಚೆಂದ. ವೇಣು ಮನಸ್ಸಿಟ್ಟು ಬರೆದಿದ್ದ. ಇಲ್ಲಿ ಒಳ್ಳೆ ಸ್ಟೇಕ್‌ಹೌಸ್ ಬೇಕಾದರೆ ಹೆಸರು ನೋಡಬೇಡಿ, ಹೊಗೆ ನೋಡಿ ಎಂದಿದ್ದ. ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಕರೆಯುವ ಕಡೆ ಕಾಲಿಡಬೇಡಿ, ಟ್ಯಾಕ್ಸಿಯವರು ಎಲ್ಲಿ ತಿನ್ನುತ್ತಾರೆ ಕೇಳಿ. ಗ್ಯಾಸ್ ಉರಿಯಲ್ಲಿ ಬೇಯಿಸಿದ್ದು ಬೇಡ, ಸೌದೆಯ ಕೆಂಡವೇ ಬೇಕು. ಬಾರ್ ಒಳ್ಳೆಯದೋ ಕೆಟ್ಟದ್ದೋ ತಿಳಿಯಬೇಕಾದರೆ ಒಳಗೆ ಮುದುಕರು ಪೇಪರ್ ಓದುತ್ತ ಕೂತಿದ್ದಾರಾ ನೋಡಿ. ಇಲ್ಲಿನ ಜನ ರಾತ್ರಿ ಹತ್ತರ ತನಕ ಊಟದ ಮಾತೇ ಎತ್ತುವುದಿಲ್ಲ, ಏಳು ಗಂಟೆಗೆ ಹೋಗಿ ಕೂತರೆ ಕುರ್ಚಿ ಒರೆಸುತ್ತಿರುತ್ತಾರೆ.

ಸೆಪ್ಟೆಂಬರಿನಿಂದ ಬರಹದ ಧಾಟಿಯೇ ಬೇರೆ. 'ಸೂಪರ್ ಟೇಸ್ಟ್. ಎ.ಸಿ. ಹಾಲ್ ಇದೆ. ಪಾರ್ಕಿಂಗ್ ಇದೆ. ಫ್ಯಾಮಿಲಿ ಸಮೇತ ಬನ್ನಿ.'

ಸಮುದ್ರಗಳನ್ನು ದಾಟಿ ಬ್ಯೂನಸ್ ಐರಿಸ್‌ಗೆ ಹೋಗಿ ಊಟ ಮಾಡುವವನಿಗೆ ಪಾರ್ಕಿಂಗ್ ಯಾಕೆ ಸ್ವಾಮಿ?

ಅಕ್ಟೋಬರಿಗೆ ಬಂದೆ. ಎರಡನೇ ತಾರೀಖಿನ ಬರಹ ಒಂದೇ ಸಾಲು. 'ಇವತ್ತು ಬಾರ್ ಇಲ್ಲ ಫ್ರೆಂಡ್ಸ್, ನಾಳೆ ಸಿಗೋಣ.'

ನಾನು ಜೋರಾಗಿ ನಕ್ಕುಬಿಟ್ಟೆ. ಅಮ್ಮ ಮಗಳು ಇಬ್ಬರೂ ಬೆಚ್ಚಿ ನನ್ನ ಮುಖ ನೋಡಿದರು.

"ಗಾಂಧಿ ಜಯಂತಿ ಕಣಮ್ಮಾ. ಡ್ರೈ ಡೇ. ನಮ್ಮಲ್ಲಿ ಅವತ್ತು ಬಾರ್ ಶಟರ್ ಎತ್ತೋ ಹಾಗಿಲ್ಲ. ಅರ್ಜೆಂಟೀನಾದವರಿಗೆ ಯಾಕೆ ಗಾಂಧಿ ಜಯಂತಿ?"

ಲತಾಮಣಿಯ ಬಾಯಿ ತೆರೆದೇ ಇತ್ತು. ನಾನು ಹಿಂದಕ್ಕೆ ಹೋದೆ. ಸೆಪ್ಟೆಂಬರಿನಲ್ಲೂ ಒಂದು ಭಾನುವಾರ ಬಾರಿನ ಫೋಟೋ ಇರಲಿಲ್ಲ. ಭಾನುವಾರ! ಬೇರೆ ದಿನ ಬಿಟ್ಟರೂ ಕುಡಿಯುವವರು ಆ ದಿನ ಬಿಡುತ್ತಾರೆಯೇ? ನನ್ನ ಹಳೆಯ ಆಫೀಸಿನ ಶಂಭುಲಿಂಗಪ್ಪನಿಗೆ ಫೋನ್ ಮಾಡಿ ಕೇಳಿದೆ. ಗಣೇಶನ ಮೆರವಣಿಗೆ ಇದ್ದ ಕಡೆಗಳಲ್ಲಿ ಮಾತ್ರ ಒಂದು ದಿನದ ಮಟ್ಟಿಗೆ ಬಾರ್ ಮುಚ್ಚಿಸುವುದು ಊರಿನ ಪದ್ಧತಿ. ಆ ಭಾನುವಾರ ಬೆಂಗಳೂರಿನ ನಮ್ಮ ದಕ್ಷಿಣದ ಕಡೆ ಎಲ್ಲಿ ಮುಚ್ಚಿಸಿದ್ದರು?

"ಕನಕಪುರ ರೋಡ್ ಕಡೆ ಮೇಡಂ," ಎಂದ ಶಂಭುಲಿಂಗಪ್ಪ. "ಜರಗನಹಳ್ಳಿ ಸುತ್ತಮುತ್ತ. ಯಾಕೆ, ಮತ್ತೆ ರೈಡ್ ಶುರು ಮಾಡಿದ್ರಾ?"

ಜರಗನಹಳ್ಳಿ. ವೇಣುವನ್ನು ಬ್ಯೂನಸ್ ಐರಿಸ್‌ಗೆ ಕಳಿಸಿದ ಕೆಂಪರಾಜುವಿನ ಬಾರ್ ಇರುವುದೂ ಅಲ್ಲೇ.

ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಇನ್ನೊಂದು ಹೊಳೆಯಿತು. ಮಾಂಸದ ಫೋಟೋ ಎಲ್ಲ ವಾರಗಳಲ್ಲೂ ಸೋಮವಾರ ಮಾತ್ರ ಬಂದಿರಲಿಲ್ಲ.

ಇವತ್ತೂ ಸೋಮವಾರವೇ.

* * *

ಕೆಂಪರಾಜುವಿನ ಅಪ್ಪ ಬೋರಣ್ಣ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಕೆಂಪರಾಜುವಿನ ಬಿಲ್ಡಿಂಗ್ ಎದ್ದಿದೆ. ಕೆಳಗೆ ಹಳೆಯ ಬಾರ್, ಮೇಲೆ ಇನ್ನೂ ತೆರೆಯದ ಸ್ಟೇಕ್‌ಹೌಸ್, ಅದರ ಮೇಲೆ ಬಾಡಿಗೆ ಮನೆಗಳು. ದೀಪಾವಳಿಗೆ ಸ್ಟೇಕ್‌ಹೌಸ್ ಓಪನಿಂಗ್ ಎಂದು ಕನಕಪುರ ರೋಡಿನ ಉದ್ದಕ್ಕೂ ವೇಣುವಿನ ನಗುಮುಖದ ಫ್ಲೆಕ್ಸ್ ಹಾಕಿಸಿದ್ದ. ಆ ಹುಡುಗ ಎಲ್ಲಿದ್ದಾನೆಂದು ಅವನ ತಾಯಿಗೇ ಗೊತ್ತಿಲ್ಲ, ಕಂಬ ಕಂಬದಲ್ಲೂ ನಗುತ್ತಿದ್ದಾನೆ. ಆಟೋದಲ್ಲಿ ಹೋಗುವಾಗ ನನಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನದ ಹೊತ್ತು. ಕೆಳಗಿನ ಬಾರಿನಲ್ಲಿ ನಾಲ್ಕಾರು ಜನ ಗೋಬಿ ಮಂಚೂರಿ, ಸೌತೆಕಾಯಿ ಇಟ್ಟುಕೊಂಡು ಕೂತಿದ್ದರು. ಸೋಮವಾರ ಇಲ್ಲಿ ಮಾಂಸ ಇಲ್ಲ. ಕೆಂಪರಾಜುವಿನ ತಾಯಿ ಮಂಗಮ್ಮನ ಕಟ್ಟುನಿಟ್ಟು ಅದು, ಮನೆದೇವರ ವಾರ. ಆ ದೇವರು ಬ್ರಾಂದಿಗೆ ಯಾಕೆ ಆಕ್ಷೇಪಣೆ ಎತ್ತಿಲ್ಲ ಎಂದು ನಾನು ಕೆಲಸದಲ್ಲಿದ್ದಾಗಲೇ ಒಮ್ಮೆ ಕೇಳಿದ್ದೆ. ಕೆಂಪರಾಜು ಬರೀ ನಕ್ಕಿದ್ದ.

"ಅಯ್ಯೋ, ಸುಧಾ ಮೇಡಂ! ಏನ್ ಇಷ್ಟು ದೂರ?" ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಬೆರಳು ದಪ್ಪದ ಸರ. ಮೆಟ್ಟಿಲಿಳಿದು ಬಂದವನು ಕೈಮುಗಿದ.

"ನಿಮ್ಮ ಹೊಸ ಹಾಲ್ ನೋಡೋಣ ಅಂತ."

ಅವನ ನಗು ಸ್ವಲ್ಪ ತಡವರಿಸಿತು. ಆದರೂ ಮೇಲಕ್ಕೆ ಕರೆದುಕೊಂಡು ಹೋದ.

ಹಾಲಿನ ಬಾಗಿಲು ತೆಗೆದೊಡನೆ ನಾನು ಬ್ಯೂನಸ್ ಐರಿಸ್‌ನಲ್ಲಿದ್ದೆ. ಅದೇ ಕೆಂಪು ಸೋಫಾ, ಅದೇ ಕಪ್ಪು ಬಿಳುಪಿನ ನೆಲ, ಅದೇ ಹಿತ್ತಾಳೆ ದೀಪ. ಸೆಪ್ಟೆಂಬರಿನಿಂದ ನಾನು ನೋಡಿದ್ದ ಅರ್ಜೆಂಟೀನಾ ಎಲ್ಲ ಈ ನಾಲ್ಕು ಗೋಡೆಯ ಒಳಗೇ ಇತ್ತು. ಒಂದೊಂದು ಮೂಲೆಯೂ ಒಂದೊಂದು ಸ್ಟೇಕ್‌ಹೌಸ್ ಆಗಿತ್ತು, ಅಷ್ಟೇ.

ಒಂದು ಬದಿಗೆ ಬಾರ್ ಕೌಂಟರ್. ಫೋಟೋ ತೆಗೆಯುವಾಗ ಮಾತ್ರ ಕೆಳಗಿನ ಬಾರಿನ ಬಾಟಲಿಗಳು ಮೇಲೆ ಬರುತ್ತಿದ್ದಿರಬೇಕು; ಈಗ ಖಾಲಿಯಿದ್ದ ಶೆಲ್ಫುಗಳ ಎದುರು ಎರಡು ಎತ್ತರದ ಸ್ಟೂಲ್ ಎಳೆದ. ಕೈಯಲ್ಲಿದ್ದ ಕೀಗೊಂಚಲನ್ನು ಕೌಂಟರ್ ಮೇಲಿಟ್ಟ. ಇಬ್ಬರೂ ಶೆಲ್ಫಿನ ಕಡೆ ಮುಖ ಮಾಡಿ ಕೂತೆವು. ನಮ್ಮ ಬೆನ್ನ ಹಿಂದೆ ಅಡುಗೆಮನೆ. ಅಲ್ಲಿಂದ ತಟ್ಟೆ ದಾಟಿಸಲು ಗೋಡೆಯಲ್ಲಿ ಒಂದು ಅಗಲವಾದ ಕಿಂಡಿ ಬಿಟ್ಟಿದ್ದರು.

ಕೆಳಗಿನಿಂದ ನನಗೆ ಲೈಮ್ ಸೋಡಾ ಬಂತು. ತಂದವನು ಗ್ಲಾಸಿಟ್ಟು ಇಳಿದುಹೋದ.

"ಒಂದು ಸ್ಟೇಕ್ ಹೇಳಿ," ಎಂದೆ.

"ಮೇಡಂ! ನೀವು?"

"ನನಗಲ್ಲ. ಪಾರ್ಸೆಲ್."

"ಇವತ್ತು ಸೋಮವಾರ ಅಲ್ವಾ ಮೇಡಂ. ಒಲೆ ಹಚ್ಚಲ್ಲ."

"ಬ್ಯೂನಸ್ ಐರಿಸ್‌ನಲ್ಲೂ ಸೋಮವಾರ ಒಲೆ ಹಚ್ಚಲ್ವಂತೆ, ಗೊತ್ತಾ?"

ಅವನು ಕೀಗೊಂಚಲನ್ನು ಕೌಂಟರ್ ಮೇಲೆ ಅತ್ತಿತ್ತ ಸರಿಸಿದ.

"ಗಾಂಧಿ ಜಯಂತಿಗೂ ಬಾರ್ ಮುಚ್ಚಿರ್ತಾರಂತೆ," ಎಂದೆ. "ಗಣೇಶನ ಮೆರವಣಿಗೆ ದಿನಾನೂ. ಸ್ಟೇಕ್ ಅಂತ ಕುರಿ ತೊಡೆ ತಟ್ಟಿ ಇಡ್ತಾರಂತೆ. ವಿಚಿತ್ರ ಊರು ಕೆಂಪರಾಜು ಅವ್ರೆ."

"ಮೇಡಂ..."

"ವೇಣು ಎಲ್ಲಿ?"

"ಅಲ್ಲೇ ಇದಾನೆ ಮೇಡಂ, ಬ್ಯೂನಸ್..."

"ಕೆಂಪರಾಜು." ಅಬಕಾರಿಯ ಹಳೆಯ ದನಿ ತಾನಾಗಿಯೇ ಹೊರಬಂತು. "ಅವನ ತಾಯಿ ಇವತ್ತು ನನ್ನ ಕೈ ಹಿಡ್ಕೊಂಡು, ಮಗ ಬದುಕಿದಾನಾ ಅಂತ ಕೇಳಿದ್ರು. ಅವರಿಗೆ ಏನು ಹೇಳ್ಲಿ? ಪಾರ್ಕಿಂಗ್ ಇದೆ ಅಂತ ಹೇಳ್ಲಾ?"

ಅವನು ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ಮುಖ ಮುಚ್ಚಿಕೊಂಡ. ದಪ್ಪ ಮನುಷ್ಯ ಕುಗ್ಗಿದರೆ ಪಾಪ ಅನ್ನಿಸುತ್ತದೆ. ಕನಿಕರ ಪಡಲು ನನಗೆ ಪುರುಸೊತ್ತಿರಲಿಲ್ಲ.

"ಫೋಟೋ ನಾನೇ ಹಾಕ್ತಿದೀನಿ ಮೇಡಂ. ಪೇಜಿನ ಪಾಸ್‌ವರ್ಡ್ ಇಬ್ಬರ ಹತ್ರಾನೂ ಇತ್ತು. ಆಗಸ್ಟ್ ಕೊನೇಲಿ ಅವನು ಫೋನ್ ಎತ್ತೋದೇ ನಿಲ್ಲಿಸ್ಬಿಟ್ಟ. ಹೋಟೆಲ್‌ಗೆ ಮಾಡಿದ್ರೆ ರೂಮ್ ಖಾಲಿ ಮಾಡ್ಕೊಂಡು ಹೋದ ಅಂದ್ರು. ಇಲ್ಲಿ ನೋಡಿದ್ರೆ ಊರ್ ತುಂಬ ಫ್ಲೆಕ್ಸ್. ಪಾರ್ಟ್‌ನರ್‌ಗಳಿಗೆಲ್ಲ ಅವನ ಮುಖಾನೇ ತೋರ್ಸಿದೀನಿ. ಅವನಿಲ್ಲ ಅಂದ್ರೆ ಎಲ್ಲಾ ಎದ್ದು ಹೋಗ್ತಾರೆ. ಬರ್ತಾನೆ ಬರ್ತಾನೆ ಅಂದ್ಕೊಂಡು ನಾನೇ ಹಾಕೋಕೆ ಶುರು ಮಾಡ್ದೆ."

"ಅವರ ಮನೆಯವರಿಗೆ ಹೇಳ್ಬೇಕು ಅನ್ನಿಸ್ಲಿಲ್ಲ?"

"ಅವರಿಗೆ ಮೆಸೇಜ್ ಬರ್ತಿದೆಯಲ್ಲ! ನನಗೆ ಅದೇ ಸಿಟ್ಟು. ಮನೆಗೆ ಮೆಸೇಜ್ ಮಾಡ್ತಾನೆ, ನನ್ನ ಫೋನ್ ಎತ್ತಲ್ಲ ಅಂತ."

"ಆ ಮೆಸೇಜ್ ಮಾಡ್ತಿರೋದೂ ನೀವೇ."

"ನಮ್ಮವ್ವನಾಣೆ ನಾನಲ್ಲ ಮೇಡಂ. ಅವನ ಫೋನ್ ನನ್ನ ಹತ್ರ ಎಲ್ಲಿಂದ ಬರ್ಬೇಕು?"

ತಾಯಿಯ ಆಣೆ ಹಾಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಕಲಿ ಲೇಬಲ್ಲಿನ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಆಣೆ ಹಾಕಿದವರಿದ್ದಾರೆ. ಇವನ ಮಾತು ನಿಜವೋ ಸುಳ್ಳೋ ಅಳೆಯಲು ಮುಖ ನೋಡಿದೆ. ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಅದರಿಂದ ಯಾವುದೂ ತಿಳಿಯುವಂತಿರಲಿಲ್ಲ, ಸುಳ್ಳುಗಾರರೂ ಬೆವರುತ್ತಾರೆ, ಹೆದರಿದವರೂ ಬೆವರುತ್ತಾರೆ.

"ಕುರಿ ಯಾಕೆ?" ಎಂದೆ. "ಸ್ಟೇಕ್ ಅಂದ್ರೆ ದನದ್ದು ಅಂತ ಗೊತ್ತಿಲ್ವಾ ನಿಮಗೆ?"

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಗೊತ್ತು ಮೇಡಂ. ವೇಣು ಇದ್ದಿದ್ರೆ ಅವನೇ ನೋಡ್ಕೋತಿದ್ದ. ನನಗೆ ಅದನ್ನ ಮುಟ್ಟೋಕೆ ಕೈ ಬರ್ಲಿಲ್ಲ. ಮತ್ತೆ ಅವ್ವಂಗೆ ನಾನು ಹೇಳಿರೋದೇ ಬೇರೆ. ಸ್ಟೇಕ್ ಅಂದ್ರೆ ಫಾರಿನ್ ಕುರಿ ಅಂತ."

"ಫಾರಿನ್ ಕುರಿ!"

"ಅವ್ವಂಗೆ ನಿಜ ಗೊತ್ತಾದ್ರೆ ಬಿಲ್ಡಿಂಗೇ ಬೀಳಿಸ್ತಾಳೆ ಮೇಡಂ."

ನಗು ಬರಬೇಕಾದ ಮಾತು. ಆದರೆ ಆ ಗಳಿಗೆಯಲ್ಲಿ ನನ್ನ ಮೂಗು ಇನ್ನೇನನ್ನೋ ಹಿಡಿದಿತ್ತು.

ಕೆಂಡದ ವಾಸನೆ. ಅದರ ಹಿಂದೆಯೇ ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕುವ ವಾಸನೆ. ಮಾಂಸ ತಿನ್ನದವರ ಮೂಗಿಗೆ ಅದು ಎಷ್ಟು ದೂರದಿಂದ ಬೇಕಾದರೂ ತಿಳಿಯುತ್ತದೆ.

"ಒಲೆ ಹಚ್ಚಲ್ಲ ಅಂದ್ರಿ?"

"ಹೌದು, ಹಚ್ಚಿಲ್ಲ. ಪಕ್ಕದ ಬಿಲ್ಡಿಂಗ್‌ದಿರ್ಬೇಕು." ಹಾಗೆಂದವನ ಮೂಗಿನ ಹೊಳ್ಳೆಗಳೂ ಅರಳಿದ್ದವು.

ಅಷ್ಟರಲ್ಲಿ ಕೌಂಟರ್ ಮೇಲಿದ್ದ ಅವನ ಫೋನ್ ಸದ್ದು ಮಾಡಿತು. ಅದೇ ಕ್ಷಣಕ್ಕೆ ನನ್ನ ಬ್ಯಾಗಿನೊಳಗೆ ನನ್ನದೂ.

'ವೇಣು ಹುಡುಕಿದ ರುಚಿ' ಪೇಜಿನಲ್ಲಿ ಹೊಸ ಫೋಟೋ.

"ನಾನ್ ಹಾಕಿಲ್ಲ," ಎಂದ ಕೆಂಪರಾಜು. ಅವನ ಎರಡೂ ಕೈ ನನ್ನ ಕಣ್ಣೆದುರಿಗೇ ಕೌಂಟರ್ ಮೇಲಿದ್ದವು. "ಮೇಡಂ, ನಾನ್ ಹಾಕಿಲ್ಲ. ಇವತ್ತು ಸೋಮವಾರ."

ಫೋಟೋ ತೆರೆದೆ. ಕೆಂಡದ ಮೇಲೆ ದಪ್ಪನೆಯ ಮಾಂಸದ ತುಂಡು. ಅದರ ಹಿಂದೆ, ಸ್ವಲ್ಪ ಮಂಜುಮಂಜಾಗಿ, ಗೋಡೆಯ ಒಂದು ಕಿಂಡಿ. ಕಿಂಡಿಯಾಚೆ ಎರಡು ಬೆನ್ನು. ಒಂದು ಬೋಳಾಗುತ್ತಿರುವ ತಲೆಯ ದಪ್ಪ ಬೆನ್ನು. ಇನ್ನೊಂದು ನೀಲಿ ಸೀರೆ, ನರೆತ ತುರುಬು, ತುರುಬಿಗೆ ಸಿಕ್ಕಿಸಿದ ಕಪ್ಪು ಕ್ಲಿಪ್ಪು.

ನನ್ನ ಕೈ ತಾನಾಗಿ ತುರುಬಿಗೆ ಹೋಯಿತು. ಕ್ಲಿಪ್ಪು ಅಲ್ಲೇ ಇತ್ತು.

ಫೋಟೋದ ಕೆಳಗೆ ಎರಡು ಸಾಲು. 'ಬೆಂಗಳೂರಿನಲ್ಲಿ ಒಳ್ಳೆ ಸ್ಟೇಕ್ ಸಿಗೋ ಜಾಗ ಹುಡುಕಿದೆ. ಸೋಮವಾರವೂ ತೆಗೆದಿರುತ್ತೆ.'

ನಾನು ಸ್ಟೂಲಿನಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಮಂಡಿನೋವು ಆಮೇಲೆ ನೆನಪಾಯಿತು. ಅಡುಗೆಮನೆಯ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ನುಗ್ಗಿದೆ, ನನ್ನ ಹಿಂದೆ ಕೆಂಪರಾಜು.

ಯಾರೂ ಇಲ್ಲ.

ಕೆಂಡ ಕೆಂಪಗಿತ್ತು. ಮಾಂಸ ಚುರ್ ಎನ್ನುತ್ತಿತ್ತು. ಪಕ್ಕದಲ್ಲಿ ಉಪ್ಪಿನ ಬಟ್ಟಲು, ತೊಳೆದಿಟ್ಟ ಚಾಕು. ಚಾಕುವಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನಾನು ಹಾಲಿನಲ್ಲಿ ಕೂತು ಅಬಕಾರಿಯ ದನಿ ತೆಗೆದಷ್ಟು ಹೊತ್ತೂ ಇಲ್ಲಿ ಒಬ್ಬರು ನಿಂತು ಕೇಳಿಸಿಕೊಂಡಿದ್ದಾರೆ.

ಹಿತ್ತಲ ಮೆಟ್ಟಿಲಿಗೆ ಹೋಗುವ ಕಬ್ಬಿಣದ ಬಾಗಿಲು ಎಳೆದೆ. ಅಲುಗಲಿಲ್ಲ. ಸಂದಿನಲ್ಲಿ ನೋಡಿದರೆ ಹೊರಗಿನಿಂದ ಬೀಗ, ಬೀಗ ಇನ್ನೂ ತೂಗಾಡುತ್ತಿತ್ತು.

"ಈ ಬೀಗದ ಕೀ?"

"ಗೊಂಚಲಲ್ಲಿದೆ ಮೇಡಂ. ಅಲ್ಲೇ, ಕೌಂಟರ್ ಮೇಲೆ."

"ಇನ್ನೊಂದು?"

ಕೆಂಪರಾಜು ಕೆಂಡದ ಮೇಲಿನ ಮಾಂಸವನ್ನು ನೋಡುತ್ತಿದ್ದ. ಮುಟ್ಟಲಾಗದ್ದನ್ನು ನೋಡುವ ಹಾಗೆ ಒಂದು ಹೆಜ್ಜೆ ಹಿಂದೆಯೇ ನಿಂತಿದ್ದ.

"ಇನ್ನೊಂದು ಕೀ ಯಾರ ಹತ್ರ ಇದೆ ಕೆಂಪರಾಜು?"

"ಅವ್ವನ ಹತ್ರ."

ಸೋಮವಾರ ಒಲೆ ಹಚ್ಚಕೂಡದೆಂದು ಕಟ್ಟಪ್ಪಣೆ ಮಾಡಿದ ಮಂಗಮ್ಮ. ಫಾರಿನ್ ಕುರಿ ಎಂದು ನಂಬಿದ ಮಂಗಮ್ಮ. ಅಥವಾ, ನಂಬಿದ್ದಾಳೆಂದು ಮಗ ನಂಬಿದ ಮಂಗಮ್ಮ. ಈ ಬೀಗಕ್ಕೂ ಆಕೆಗೂ ಏನು ಸಂಬಂಧ ಎಂದು ನಾನು ಯೋಚಿಸಲು ಶುರು ಮಾಡುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಲತಾಮಣಿ. ವಿಡಿಯೋ ಕಾಲ್.

ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಮೇಡಂ, ಫೋಟೋ ನೋಡಿದ್ರಾ? ಗೀಟು! ಮೂರು ಗೀಟು ಮೇಡಂ!"

ಆಗ ನಾನು ನೋಡಿದೆ. ಕೆಂಡದ ಬೆಳಕಿನಲ್ಲಿ, ಮಾಂಸದ ಮೇಲೆ ಓರೆಯಾಗಿ ಎಳೆದ ಮೂರು ಗೀಟು. ಮೂರನೆಯದು ಗಿಡ್ಡ.

ಅವಳ ಕೈಯಿಂದ ಫೋನು ತಿಮ್ಮಕ್ಕನ ಕೈಗೆ ಹೋಯಿತು. ಪರದೆಯ ತುಂಬ ಆಕೆಯ ಒದ್ದೆ ಕೆನ್ನೆ. "ನನ್ ಮಗಂದೇ ಕೈ! ನನ್ ಮಗ ಬದುಕವ್ನೆ ಕಣವ್ವ! ಎಲ್ಲವ್ನ? ಅಲ್ಲೇ ಅವ್ನಾ? ಕರೀರಿ, ಒಂದ್ ಕಿತ ಕರೀರಿ!"

ಬೆಳಗ್ಗೆ ಆಕೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಬಲ್ಲೆ ಅನ್ನಿಸಿದ ಸಂತೋಷಕ್ಕೆ ನಾನು, ಮೊಟ್ಟೆಯನ್ನೂ ಮುಟ್ಟದವಳು, ಇಕ್ಕಳದಿಂದ ಆ ಮಾಂಸವನ್ನು ಎತ್ತಿ ತಟ್ಟೆಗೆ ಹಾಕಿ ಕ್ಯಾಮೆರಾದ ಹತ್ತಿರ ಹಿಡಿದೆ.

"ಇಲ್ಲೇ ಇದ್ದ ತಿಮ್ಮಕ್ಕ. ಈಗ ತಾನೆ ಹೋಗಿದಾನೆ. ಹುಡುಕ್ತೀನಿ. ನೋಡಿ, ನಿಮ್ಮ ಮಗ ಮಾಡಿದ್ದು."

"ಇನ್ನೂ ಹತ್ರ ಹಿಡೀರಿ."

ಹಿಡಿದೆ. ತಿಮ್ಮಕ್ಕನ ಬೆರಳು ಆಕೆಯ ಕೈಯಲ್ಲಿದ್ದ ಫೋನಿನ ಪರದೆಯತ್ತ ಬಂತು. ಒಂದು ಗೀಟು ಸವರಿತು. ಇನ್ನೊಂದು ಸವರಿತು. ಆಮೇಲೆ ನಿಂತಿತು.

ಆಕೆಯ ಮುಖದಿಂದ ನಗು ಹೋಯಿತು.

"ಯಾಕೆ ತಿಮ್ಮಕ್ಕ? ವೇಣುದಲ್ವಾ?"

"ಅವನ್ದೇ. ಅವನ್ದೇ." ಆಕೆ ಫೋನನ್ನು ಮಗಳ ಕೈಗೆ ಕೊಟ್ಟು, ತಮ್ಮ ಬಲ ಅಂಗೈಯನ್ನು ಮುಂದೆ ಚಾಚಿ, ಎಡಗೈ ಬೆರಳಿನಿಂದ ಎಡದ ಮೇಲಿಂದ ಬಲದ ಕೆಳಕ್ಕೆ ನಿಧಾನವಾಗಿ ಒಂದು ಗೀಟೆಳೆದರು. ತಟ್ಟೆಯಲ್ಲಿದ್ದ ಗೀಟುಗಳೂ ಹಾಗೇ ವಾಲಿದ್ದವು, ಬೆಳಗ್ಗೆ ನೋಡಿದ ಫೋಟೋದಲ್ಲಿದ್ದವಕ್ಕೆ ತದ್ವಿರುದ್ಧವಾಗಿ.

"ಎಡಗೈಲಿ ಕುಯ್ದವ್ನೆ ಕಣವ್ವ," ಎಂದರು ತಿಮ್ಮಕ್ಕ. "ನನ್ ಮಗನ ಬಲಗೈಗೆ ಏನಾಯ್ತು?"